ದಿನ್ನಿ ಗಿರಣಿ ಹಿಟ್ಟು ತಿಂದವರು

ನಮ್ಮೂರಾಗ ಗಾಳಿ ಭಾಳ. ಆಷಾಢದಾಗ ಅಂಗಳದಾಗ ಒಣಹಾಕಿದ ಧೋತ್ರ ಹುಡುಕಾಕ ಮುಂದಿನ ಓಣಿಗೆ ಹೋಗಬೇಕು. ಗದಗ ಕಡೆ ಊರೆಲ್ಲಾ ಹಂಗ, ಆದ್ರ ನಮ್ಮೂರು ಸ್ವಲ್ಪ ಎತ್ತರದಾಗ ಅದ, ಪಡುವಣ ಗಾಳಿಗೆ ಎದಿ ಕೊಟ್ಟು ಕುಂತಂಗ. ಆ ಗಾಳಿ ಕೈಲೆ ಹಿಟ್ಟು ಬೀಸಿಸಬೇಕು ಅಂತ ಹೊಂಟಾಂವ ನಮ್ಮಜ್ಜ. ನಮ್ಮೂರಿನ ಗಿರಣಿಗಳ ಇತಿಹಾಸ ಬರೀಬೇಕಂದ್ರ ಅಲ್ಲಿಂದನ ಶುರು ಮಾಡಬೇಕು. ನಾನು ಸಾಲಿ ಕಲ್ತದ್ದು ಮೀಸಿ ಬಂದ ಮ್ಯಾಲ, ಪುಣೇದಾಗ, ರಾತ್ರಿ ಸಾಲ್ಯಾಗ. ಈಗ ಮೊಬೈಲ್‌ನ್ಯಾಗ ಒಂದೊಂದ ಅಕ್ಷರ ಹುಡುಕಿ ಒತ್ತಾಕತ್ತೀನಿ. ನೀವೂ ಸಾವಕಾಶ ಓದ್ರಿ, ಅವಸರ ಏನಿಲ್ಲ.

ಅಜ್ಜ ಬಡಿಗ್ಯಾ. ಬಂಡಿ ಗಾಲಿ, ಹೊಲಕ್ಕ ಕುಂಟಿ, ರಂಟಿ, ಕೂಸಿಗೆ ತೊಟ್ಟಲಾ, ಎಲ್ಲಾ ಮಾಡ್ತಿದ್ದ. ಒಮ್ಮೆ ಯಾವುದೋ ರೈಲ್ವೆ ಸ್ಟೇಶನ್ನಿನ ಬಾಗಲಾ ರಿಪೇರಿಗೆ ಹೋದಾಗ ಅಲ್ಲೊಂದು ಕಬ್ಬಣದ ಪಂಕಾ ನೋಡಿದ್ನಂತ. ಗಾಳಿಗೆ ತಿರುಗಿ ಬಾವ್ಯಾಗಿನ ನೀರು ತಾನ ಎತ್ತಿ ಟಾಕಿಗೆ ಹಾಕ್ತಿತ್ತು. ಊರಿಗೆ ಬಂದು ಕಟ್ಟಿ ಮ್ಯಾಲ ಕುಂತಾವ್ರಿಗೆ ಹೇಳಿದ, "ಗಾಳಿ ನೀರು ಎತ್ತತದ ಅಂದ್ರ ಬೀಸೂ ಕಲ್ಲು ತಿರುವಂಗಿಲ್ಲೇನು?" ಆವಾಗ ನಮ್ಮೂರಾಗ ಗಿರಣಿನ ಇರಲಿಲ್ಲ. ಕೋಳಿ ಕೂಗೂದಕ್ಕಿಂತ ಮೊದಲ ಹೆಣ್ಮಕ್ಕಳು ಎದ್ದು ಮನ್ಯಾಗಿನ ಬೀಸೂ ಕಲ್ಲು ತಿರುವಬೇಕಿತ್ತು. ಕಟ್ಟಿ ಮ್ಯಾಲಿನವರು ನಕ್ಕರು. ಅಜ್ಜ ಎದ್ದು ಹೋಗಿ ಜಾಲಿ ಗಿಡಾ ಕಡದ.

ಊರ ಹೊರಗ, ಬಾವಿ ಮಗ್ಗಲಕ್ಕ ಒಂದು ದಿನ್ನಿ ಅದ. ಮಣ್ಣಿನ ಗುಡ್ಡ ಅನ್ರಿ. ಅದರ ನೆತ್ತಿ ಮ್ಯಾಲ ಅಜ್ಜ ನಾಕು ಕಂಬ ಹುಗದು, ಬಂಡಿ ಅಚ್ಚಿಗೆ ಬಿದರಿನ ನಾಕು ರೆಕ್ಕಿ ಕಟ್ಟಿದ. ರೆಕ್ಕಿಗೆ ಗೋಣಿ ತಟ್ಟು ಹೊಲದ. ಒಳಗ ಜಾಲಿ ಕಟ್ಟಿಗಿದು ಹಲ್ಲಿನ ಗಾಲಿ, ಅದರ ಕೆಳಗ ಎರಡು ದೊಡ್ಡ ಕಲ್ಲು. ಮೊದಲನೇ ಆಷಾಢದಾಗ ಅದು ತಿರುಗಿದಾಗ ಊರಿಗೆ ಊರ ನೋಡಾಕ ಬಂದಿತ್ತು. ಆದ್ರ ಒಬ್ರೂ ಜ್ವಾಳ ತರಲಿಲ್ಲ. ಯಾಕಂದ್ರ ಹಿರೇರು ಹೇಳಿಬಿಟ್ರು, ಗಾಳ್ಯಾಗ ದೆವ್ವ ಹಾಯ್ತಾವ, ದೆವ್ವ ತಿರುವಿದ ಕಲ್ಲಿನ ಹಿಟ್ಟಿನ್ಯಾಗ ಕಸುವು ಇರಂಗಿಲ್ಲ, ಅದನ್ನ ತಿಂದ ಎತ್ತು ಸೈತ ನೇಗಿಲಾ ಎಳಿಯಂಗಿಲ್ಲ ಅಂತ. ಮತ್ತ ಗಾಳಿ ಬರೂದು ಆಷಾಢ, ಶ್ರಾವಣ. ಉಳಿದ ತಿಂಗಳು ರೆಕ್ಕಿ ಮ್ಯಾಲ ಕಾಗಿ ಕುಂದ್ರತಿದ್ವು.

ಮೂರೋ ನಾಕೋ ಮಳೆಗಾಲ ನಿಂತಿತ್ತು ಅಷ್ಟ. ಒಂದು ಬಿರುಗಾಳಿಗೆ ಎರಡು ರೆಕ್ಕಿ ಮುರದು ಬಾವ್ಯಾಗ ಬಿದ್ವು, ಊರವರೆಲ್ಲಾ ಸೇರಿ ಬೈಕೋತ ತಗದ್ರು. ಅದೇ ಹೊತ್ತಿಗೆ ಊರಿಗೆ ಡೀಸೆಲ್ ಎಂಜಿನ್ನಿನ ಗಿರಣಿ ಬಂತು. ಹೊಗಿ ಕೊಳವಿ ಮ್ಯಾಲ ಡಬ್ಬಿ ಕಟ್ಟಿರ್ತಿದ್ರು, ಕುಕ್ ಕುಕ್ ಅಂತ ಎರಡು ಊರಾಚೆ ಕೇಳಿಸ್ತಿತ್ತು. ತಮಾಷೆ ಅಂದ್ರ ಅದನ್ನ ನಡಸಾಕ ಮಾಲಕ ಕರದದ್ದು ನಮ್ಮಜ್ಜನ್ನ. ಅಜ್ಜನ ಹುಬ್ಬು, ಮೀಸಿ ಎಲ್ಲಾ ಹಿಟ್ಟಾಗಿ, ವಯಸ್ಸಾಗೂದಕ್ಕಿಂತ ಮೊದಲ ಮುದುಕ ಕಂಡ. ಅವನಾದ ಮ್ಯಾಲ ನಮ್ಮಪ್ಪ. ಅಪ್ಪನ ಕಾಲಕ್ಕ ಕರೆಂಟ್ ಬಂತು, ಕುಕ್ ಕುಕ್ ನಿಂತು ಗುಂಯ್ ಅನ್ನೂದು ಶುರು ಆತು. ನಾನು ಪುಣೇಕ್ಕ ಬಂದು ಮೊದಲ ಕುಂದಾಪುರ ಕಡೆಯವರ ಹೋಟೆಲ್ಲಿನ್ಯಾಗ ಇಡ್ಲಿ ಹಿಟ್ಟು ರುಬ್ಬಿದೆ. "ನಿಂಗೆ ಜಾತಕದಲ್ಲೇ ಹಿಟ್ಟು ಬರ್ದಿದೆ ಮಾರಾಯ" ಅಂತಿದ್ರು ಮಾಲಕರು. ಅದು ಖರೆ ಆತು. ಈಗ ಪುಣೇದ ಕೊಂಢವಾದಾಗ ನಂದ ಒಂದು ಗಿರಣಿ ಅದ. ಗೋದಿಗೊಂದು ಕಲ್ಲು, ಜ್ವಾಳಕ್ಕೊಂದು ಕಲ್ಲು.

ಅವ್ವ ಹೋದ ಮ್ಯಾಲ ಅಪ್ಪನ್ನ ಕರಕೊಂಡು ಬಂದೆ. ಒಲ್ಲೆ ಅನ್ನಲಿಲ್ಲ, ಗಿರಣಿ ಅದ ಅಂದಕೂಡ್ಲೆ ಚೀಲಾ ಕಟ್ಟಿದ. ದಿನಾ ಮುಂಜಾನೆ ನನ್ನಕಿಂತ ಮೊದಲ ಬಂದು ಜ್ವಾಳದ ಕಲ್ಲಿನ ಮಗ್ಗಲಕ್ಕ ಸ್ಟೂಲ್ ಹಾಕ್ಕೊಂಡು ಕುಂದ್ರತಾನ. ಬೀಳೂ ಹಿಟ್ಟನ್ನ ಹೆಬ್ಬಟ್ಟು, ತೋರಬಟ್ಟಿನ ನಡುವ ತಿಕ್ಕಿ ನೋಡ್ತಾನ. ಬಿಸಿ ಹತ್ತಿತು ಅಂದ್ರ ಕಣ್ಣ ಸನ್ನಿ ಮಾಡ್ತಾನ, ನಾ ಕಾಳು ಬೀಳೂದು ಕಡಿಮಿ ಮಾಡ್ತೀನಿ. ಜ್ವಾಳದ ಹಿಟ್ಟು ಬಿಸಿ ಆದ್ರ ಜಿಗಿ ಹೋಗ್ತದ, ರೊಟ್ಟಿ ಬಡೀಲಿಕ್ಕೆ ಹೋದ್ರ ಅಂಚು ಹರೀತದ. ಇದು ನಮ್ಮ ಗಿರಾಕಿಗಳಿಗೂ ಗೊತ್ತು. ಬಿಜಾಪುರದವರು, ಸೊಲ್ಲಾಪುರದವರು, ಬೆಳಗಾವಿಯವರು ಹುಡುಕ್ಕೊಂಡು ಬರ್ತಾರ.

ಬಂದವರಿಗೆ ಅಪ್ಪ ದಿನ್ನಿ ಗಿರಣಿ ಕಥಿ ಹೇಳ್ತಿದ್ದ. ಮರಾಠಿ ಬಾಯಂದಿರಿಗೆ ಮುರುಕು ಮರಾಠ್ಯಾಗ, ನಮ್ಮವರಿಗೆ ಕನ್ನಡದಾಗ. ಕಥಿ ಕಡೀಕೆ ಒಂದ ಮಾತು ತಪ್ಪದ ಬರ್ತಿತ್ತು. "ಆ ಹಿಟ್ಟು ನಾ ತಿಂದೀನಿ. ಅಪ್ಪ ಒಂದು ಬಟ್ಟಲದಾಗ ತಂದಿದ್ದ. ಮುಟ್ಟಿದ್ರ ತಣ್ಣಗ ಇತ್ತು." ಅಷ್ಟ ಅವನ ಆಸ್ತಿ. ಯಾಕಂದ್ರ ನಮ್ಮೂರಾಗ ಈ ಹೊತ್ತಿಗೂ ಹೇಳೂದು ಏನಂದ್ರ, ಬಡಿಗ್ಯಾನ ಗಿರಣಿ ತಿರುಗಿತು, ಒಂದು ಕಾಳು ಒಡೀಲಿಲ್ಲ ಅಂತ. ಯಾರರ ಕೆಲಸ ಇಲ್ಲದ ಕೈ ಬೀಸಿಕೋತ ಅಡ್ಡಾಡಿದ್ರ, "ಏನು, ದಿನ್ನಿ ಗಿರಣಿ ಆಗಿಯಲ್ಲ" ಅಂತಾರ. ಗಾದಿನ ಆಗಿಬಿಟ್ಟದ. ಅಜ್ಜನ್ನ ಬಾಯಿಬಿಟ್ಟು ಕೇಳಿದ್ರ, "ಬೀಸಿತ್ತೇನೋ?" ಅಂದ್ರ, ಅಂವ ನಕ್ಕು ಬೀಡಿ ಹಚ್ಚಿಕೊಳ್ತಿದ್ನಂತ. ಹೂಂ ಅನ್ನಲಿಲ್ಲ, ಇಲ್ಲಾ ಅನ್ನಲಿಲ್ಲ. ಅಂವ ಯಾಕ ಹಂಗ ಸುಮ್ಮನಿದ್ದ ಅನ್ನೂದು ಅಪ್ಪನಿಗೆ ಒಳಗೊಳಗ ಚುಚ್ಚೂ ಮುಳ್ಳು.

ಈ ವರ್ಷ ಬ್ಯಾಸಿಗ್ಯಾಗ ಕಾತ್ರಜದಾಗ ಒಂದು ಮದಿವಿ ಇತ್ತು. ಪುಣೇದಾಗಿರೂ ನಮ್ಮೂರ ಮೂಲದ ಮನಿತನಗಳೆಲ್ಲಾ ಸೇರಿದ್ವು. ಊಟದ ಪಂಕ್ತ್ಯಾಗ ಅಪ್ಪನ ಎದುರಿಗೆ ಬಟ್ಟಿ ಅಂಗಡಿ ಸಾಹುಕಾರ್ರು ಕುಂತಿದ್ರು. ನಮ್ಮೂರವರ, ಅಪ್ಪನ ವಾರಿಗಿಯವರು, ನಮ್ಮಕಿಂತ ಎಷ್ಟೋ ಮೊದಲ ಪುಣೇಕ್ಕ ಬಂದವರು. ಕೆಟ್ಟ ಮನುಷ್ಯ ಅಲ್ಲ. ನನಗ ಈ ಅಂಗಡಿ ಜಾಗಾ ಹುಡುಕಿ ಕೊಟ್ಟಾವ್ರೂ ಅವ್ರ. ಆದ್ರ ನಾಲಿಗಿ ತುರಸ್ತದ. ಊರ ಗುಡ್ಡದ ಮ್ಯಾಲ ಈಗ ಕಂಪನಿಯವರು ದೊಡ್ಡ ದೊಡ್ಡ ಬಿಳೆ ಪಂಕಾ ನಿಲ್ಲಿಸ್ಯಾರಲ್ಲ, ಕರೆಂಟ್ ಮಾಡೋವು, ಅದರ ವಿಡಿಯೋ ಮೊಬೈಲ್‌ನ್ಯಾಗ ಎಲ್ಲರಿಗೂ ತೋರಸಾಕತ್ತಿದ್ರು.

"ನೋಡೋ ಬಡಿಗ್ಯಾ," ಅಂದ್ರು ಅಪ್ಪನಿಗೆ, "ಗಾಳಿ ಪಂಕಾ ಅಂದ್ರ ಇವು. ಇವು ಕೆಲಸಾನರ ಮಾಡ್ತಾವ."

"ನಮ್ಮಪ್ಪಂದೂ ಮಾಡಿತ್ತು," ಅಂದ ಅಪ್ಪ. "ಆ ಹಿಟ್ಟು ನಾ ತಿಂದೀನಿ."

"ಯಾವಾಗ?"

"ಸಣ್ಣಾಂವ ಇದ್ದಾಗ."

"ನಿಮ್ಮವ್ವ ಮನ್ಯಾಗ ಬೀಸಿದ್ದನ್ನ ಬಟ್ಟಲಕ್ಕ ಹಾಕಿ ಕೊಟ್ಟಾನ ನಿಮ್ಮಪ್ಪ. ಮಗಾ ಖುಷಿ ಆಗಲಿ ಅಂತ. ನನಗೂ ನಮ್ಮಪ್ಪ ಚಂದ್ರ ತೋರಿಸಿ ನಂದು ಅಂದಿದ್ದ."

ಪಂಕ್ತಿ ಪೂರಾ ನಕ್ಕಿತು. ಅಪ್ಪನೂ ನಕ್ಕ, ಆದ್ರ ಹೋಳಿಗಿ ಹಂಗ ಬಿಟ್ಟು ಎದ್ದ. ಬಸ್ಸಿನ್ಯಾಗ ಬರುವಾಗ ಒಂದ ಮಾತಾಡಿದ. "ಅವರು ಹೇಳೂದರಾಗ ಸುಳ್ಳೇನದ? ನಾ ನೋಡಿಲ್ಲ. ಬಟ್ಟಲಾ ನೋಡೀನಿ." ಆವತ್ತಿನಿಂದ ಗಿರಣ್ಯಾಗ ಕಥಿ ಬಂದ್. ಸ್ಟೂಲ್ ಮ್ಯಾಲ ಕುಂದ್ರತಾನ, ಹಿಟ್ಟು ತಿಕ್ಕಿ ನೋಡ್ತಾನ, ಅಷ್ಟ. ಗಿರಾಕಿ ಒಬ್ಬಾಕಿ ಕೇಳೂ ಕೇಳಿದ್ಲು, "ಆಜೋಬಾ, ಗಾಳಿ ಗಿರಣಿಚೀ ಗೋಷ್ಟ ಸಾಂಗಾ ನಾ," ಕಥಿ ಹೇಳ್ರಿ ಅಂತ. ಅಪ್ಪ ಕೈ ಆಡಿಸಿಬಿಟ್ಟ, ಏನೂ ಇಲ್ಲ ಬಿಡು ಅನ್ನುವಂಗ. ನನಗ ಆ ಕೈ ಆಡಿಸಿದ್ದು ಭಾಳ ಕೆಡಕನಿಸ್ತು. ಊರು ನಂಬದಿದ್ರ ಬಿಡಲಿ, ಅಪ್ಪನೂ ತನ್ನಪ್ಪನ್ನ ನಂಬೂದು ಬಿಟ್ರ ಆ ಮುದುಕನಿಗೆ ಏನು ಉಳೀತು?

ಆಷಾಢ ಬಂತು. ಕೊಂಢವಾದಾಗ ಮಳಿ ಸಣ್ಣಗ ಜಿನುಗೂದು, ರಸ್ತೆ ತುಂಬ ರಾಡಿ, ಡಬ್ಬಿ ಮ್ಯಾಲ ಪ್ಲಾಸ್ಟಿಕ್ ಮುಚ್ಚಿಕೊಂಡು ಬರೂ ಬಾಯಂದಿರು. ಒಂದು ರವಿವಾರ ಮುಂಜಾನೆ ಸಾಹುಕಾರ್ರ ಸ್ಕೂಟರ್ ಬಂದು ನಿಂತಿತು. ಹಿಂದ ಒಬ್ಬ ಅಜ್ಜಿ, ಇಲಕಲ್ ಸೀರಿ, ತೊಡಿ ಮ್ಯಾಲ ಜ್ವಾಳದ ಚೀಲಾ.

"ನಮ್ಮಕ್ಕ," ಅಂದ್ರು ಸಾಹುಕಾರ್ರು ನನಗ. "ರೋಣದ ಕಡೆ ಕೊಟ್ಟದ. ಮದಿವಿಗೆ ಮಣಕಾಲು ನೋವು ಅಂತ ಬರಲಿಲ್ಲ, ಈಗ ಬಂದಾಳ. ಸೊಸಿ ತಂದ ಪಾಕೀಟು ಹಿಟ್ಟು ಉಣ್ಣಂಗಿಲ್ಲಂತ. ತಾನ ನಿಂತು ಬೀಸಿಸಬೇಕಂತ. ನಾ ಔಷಧ ತಗೊಂಡು ಬರ್ತೀನಿ, ಇಕಿನ್ನ ನೋಡಿಕೋ." ಅಪ್ಪ ರಸ್ತೆ ಕಡೆ ನೋಡಿದ. ಸಾಹುಕಾರ್ರೂ ಅಪ್ಪನ ಕಡೆ ನೋಡದ ಹೋದ್ರು.

ಅಜ್ಜಿ ಒಳಗ ಬಂದು ಎರಡೂ ಕಲ್ಲು ನೋಡಿದ್ರು, ಜ್ವಾಳದ ಕಲ್ಲಿನ ಬುಡಕ ಕೈ ಒಡ್ಡಿ ಹಿಟ್ಟು ಹಿಡದ್ರು. ಆಮ್ಯಾಲ ಅಪ್ಪನ್ನ ನೋಡಿದ್ರು. "ನೀವು ಯಾವೂರವರಪಾ?"

ಅಪ್ಪ ಊರ ಹೆಸರು ಹೇಳಿದ.

"ಅಯ್ಯ, ನನ್ನ ತವರಮನೀನೂ ಅದ ಅಲ್ಲೇನು! ಈಗ ತವರಮನಿ ಪುಣೇಕ್ಕ ಬಂದದ, ನಾನೂ ಈ ವಯಸ್ಸಿನ್ಯಾಗ ಆಷಾಢಕ್ಕ ಪುಣೇಕ್ಕ ಬಂದೀನಿ ನೋಡು. ಯಾರ ಪೈಕಿ ನೀವು?"

"ಬಡಿಗ್ಯಾರ ಪೈಕಿ."

"ದಿನ್ನಿ ಗಿರಣಿ ಬಡಿಗ್ಯಾರ?"

ಅಪ್ಪನ ಮುಖ ಇಳೀತು. ಇವರೂ ಚಾಷ್ಟಿ ಮಾಡೋವ್ರ ಅಂದುಕೊಂಡ. "ಹೂನ್ರಿ," ಅಂದ ಸಣ್ಣ ದನಿಲೆ.

ಅಜ್ಜಿ ಜ್ವಾಳದ ಚೀಲದ ಮ್ಯಾಲನ ಕುಂತುಬಿಟ್ರು. "ನಿಮ್ಮಪ್ಪ ಬೀಸಿಕೊಟ್ಟ ಹಿಟ್ಟಿನಿಂದ ನಾ ನಮ್ಮವ್ವನ ಕಡೆ ಶಾಭಾಸ್ ಅನ್ನಿಸಿಕೊಂಡೀನಪಾ. ಪುಣ್ಯಾತ್ಮ."

ನಾ ಮೋಟರ್ ಬಂದ್ ಮಾಡಿದೆ. ಪಟ್ಟಾ ಚಪ್ ಚಪ್ ಅಂದು ನಿಂತಿತು.

ಅವರು ಹೇಳಿದ್ದು ಇಷ್ಟು. ಲಗ್ನಾದ ಮೊದಲನೇ ವರ್ಷ ಆಷಾಢಕ್ಕ ಹೆಣ್ಮಕ್ಕಳು ತವರಮನಿಗೆ ಬರೂದು ಪದ್ಧತಿ. ಪಂಚಮಿ ಮುಗಿಸಿಕೊಂಡು ಹೋಗೂದು. ಊರ ಸೊಸ್ಯಾರು ಅವರವರ ತವರಿಗೆ ಹೋದ್ರ, ಊರ ಹೆಣ್ಮಕ್ಕಳು ಊರಿಗೆ ಬರ್ತಿದ್ರು. ಇವರೂ ಬಂದ್ರು, ಇವರ ಗೆಳತ್ಯಾರೂ ಬಂದ್ರು. ಅತ್ತಿ ಮನ್ಯಾಗ ಬೀಸಿ ಬೀಸಿ ಅಂಗೈ ತುಂಬ ಬೊಬ್ಬಿ. ತವರಮನ್ಯಾಗರ ಬಿಡ್ತಾರ ಅಂದ್ರ ಅವ್ವ ಅಂದ್ಲಂತ, "ಕೈ ಮೆತ್ತಗಾದ್ರ ಅತ್ತಿ ನನಗ ಬೈತಾಳ, ನಡಿ ಬೀಸು."

"ನಾವು ನಾಕು ಮಂದಿ ಹುಡುಗೀರು ಏನ್ ಮಾಡಿದ್ವಿ," ಅಂದ್ರು ಅಜ್ಜಿ, "ಕೊಡದಾಗ ಜ್ವಾಳ ತುಂಬಿ, ಮ್ಯಾಲ ಅರಬಿ ಮುಚ್ಚಿ, ನೀರಿಗೆ ಅಂತ ಬಾವಿಗೆ ಹೋದ್ವಿ. ಗಂಡಸರೆಲ್ಲಾ ಹೊಲದಾಗ ಕಳೇಕ್ಕ. ದಿನ್ನಿ ಮ್ಯಾಲ ನಿಮ್ಮಪ್ಪ ಒಬ್ಬಾಂವ ಕುಂತಿದ್ದ, ರೆಕ್ಕಿ ತಿರುಗಾಕತ್ತಿತ್ತು, ಕಲ್ಲಿನ್ಯಾಗ ಏನೂ ಇಲ್ಲ. ಕಾಕಾ ಬೀಸಿ ಕೊಡು ಅಂದ್ವಿ. ಅಂವ ಎದ್ದು ಬಂದು ಕೊಡಾ ಇಸಕೊಂಡ. ಮೊದಲನೇ ಗಿರಾಕಿ ನಾವು."

"ಯಾರಿಗೂ ಗೊತ್ತಾಗಲಿಲ್ಲೇನ್ರಿ?" ಅಂದೆ ನಾನು.

"ಹೆಂಗ ಗೊತ್ತಾಗ್ತದ? ಮನ್ಯಾಗ ಬೀಸೂ ಖೋಲ್ಯಾಗ ಬಾಗಲಾ ಹಾಕ್ಕೊಂಡು, ಕಲ್ಲಿಗೆ ಒಂದ ಹಿಡಿ ಕಾಳು ಹಾಕಿ ಸಪ್ಪಳ ಮಾಡ್ತಿದ್ದೆ. ಬೀಸೂ ಪದಾ ಬ್ಯಾರೆ ಹಾಡ್ತಿದ್ದೆ, ಗಂಟಲಾ ಹರಕೊಂಡು. ಹೊರಗ ಅವ್ವ ಮಂದಿ ಮುಂದ ಹೇಳ್ತಿದ್ಲು, ನನ್ನ ಮಗಳು ಎಷ್ಟು ಕಷ್ಟಾ ಪಡ್ತಾಳ ನೋಡ್ರಿ ಅಂತ." ಅಜ್ಜಿಗೆ ನಗಿ ತಡಕೊಳ್ಳಾಕ ಆಗಲಿಲ್ಲ, ಸೆರಗು ಬಾಯಿಗೆ ಹಿಡದ್ರು. "ನಿಮ್ಮಪ್ಪಗ ಕೈ ಮುಗದಿದ್ವಿ. ಯಾರ ಮುಂದೂ ಬಾಯಿ ಬಿಡಬ್ಯಾಡ ಕಾಕಾ, ದೆವ್ವದ ಹಿಟ್ಟು ತಿನಸೀವಿ ಅಂತ ಗೊತ್ತಾದ್ರ ಅವ್ವ ಚರ್ಮಾ ಸುಲೀತಾಳ ಅಂತ. ಅಂವ ಅಂದ, ನಾ ಅಂತೂ ಹೇಳಂಗಿಲ್ಲವ್ವಾ, ಗಾಳಿ ಬಾಯಿ ನೀವ ಮುಚ್ಚಬೇಕು ಅಂತ. ಮುಂದಿನ ವರ್ಷ ಬ್ಯಾರೆ ಹುಡುಗೀರು ಬಂದ್ರಂತ. ಒಬ್ಬಾಕಿ ಇನ್ನೊಬ್ಬಾಕಿಗೆ ಹೇಳ್ತಿದ್ಲು. ಪಂಚಮಿ ಆತು ಅಂದ್ರ ಎಲ್ಲಾರೂ ಗಂಡನ ಊರಿಗೆ."

ನಾ ಗ್ವಾಡಿಗೆ ಆನಕೊಂಡು ನಿಂತು ಯೋಚನೆ ಮಾಡಿದೆ. ನಮ್ಮೂರ ಇತಿಹಾಸ ನಮ್ಮೂರಾಗ ಸಿಗದ್ದು ಇದಕ್ಕ. ಆ ಹಿಟ್ಟು ಬೀಸಿಸಿದವರೆಲ್ಲಾ ಬಂಡಿ ಹತ್ತಿ ಬ್ಯಾರೆ ಊರಿಗೆ ಹೋಗಿಬಿಟ್ಟಾರ. ಕಟ್ಟಿ ಮ್ಯಾಲ ಕುಂತವರಿಗೆ ರೆಕ್ಕಿ ಅಷ್ಟ ಕಂಡದ.

ಅಪ್ಪ ಸ್ಟೂಲ್ ಮುಂದ ಎಳಕೊಂಡು ಒಂದ ಪ್ರಶ್ನೆ ಕೇಳಿದ. "ಅಕ್ಕಾರ, ಹಿಟ್ಟು ಬಿಸಿ ಇರ್ತಿತ್ತೋ, ತಣ್ಣಗೋ?"

"ತಣ್ಣಗ," ಅಂದ್ರು ಅಜ್ಜಿ ತಟ್ಟನ. "ಕೊಡದಾಗ ಕೈ ಇಟ್ರ ನೀರಾಗ ಇಟ್ಟಂಗ. ಗಾಳಿ ಕಲ್ಲು, ಸಾವಕಾಶ ತಿರುಗ್ತಿತ್ತಲ್ಲ."

ಅಪ್ಪ ನನ್ನ ಕಡೆ ನೋಡಿದ. "ಬೀಸಿತ್ತು," ಅಂದ ನನಗ, ನಾನ ಇಷ್ಟ ದಿನಾ ಇಲ್ಲಾ ಅಂದಂಗ. "ನಮ್ಮವ್ವಗ ಸೈತ ಹೇಳಲಿಲ್ಲಲೋ ಮುದುಕ. ಸಾಯೂ ತನಕ ಬೈಸಿಕೊಂಡ."

"ನಮ್ಮ ತಮ್ಮನೂ ತಿಂದಾನ ಅದನ್ನ," ಅಂದ್ರು ಅಜ್ಜಿ. "ಹಸಗೇಡಿ. ನಮ್ಮ ಪಾಲಿಂದೂ ತಿಂತಿದ್ದ."

ಅಪ್ಪನಿಗೆ ಮದಿವಿ ಮಾತು ಹೇಳೂ ಮನಸ್ಸಿರಲಿಲ್ಲ. ನಾನ ಹೇಳಿದೆ, ಪಂಕ್ತ್ಯಾಗ ಏನಾತು ಅಂತ. ಅಜ್ಜಿ ಹಣಿ ಗಂಟು ಹಾಕಿದ್ರು. "ಬರಲಿ ಅಂವ."

"ಬ್ಯಾಡಕ್ಕಾರ," ಅಂದ ಅಪ್ಪ. "ನಮ್ಮಪ್ಪ ಮಾತು ಕೊಟ್ಟಿದ್ದ. ಈಗ ನನಗ ಗೊತ್ತಾತಲ್ಲ, ಸಾಕು."

"ಕೊಟ್ಟಾಂವ ನಿಮ್ಮಪ್ಪ. ಇಸಕೊಂಡಾಕಿ ನಾನು. ಬಿಡೂದು ನನ್ನ ಕೈಯಾಗ ಅದ. ನೀ ಸುಮ್ಮನ ಕುಂದ್ರು."

ಸಾಹುಕಾರ್ರು ಹೆಲ್ಮೆಟ್ ಹಾಕ್ಕೊಂಡ ಒಳಗ ಬಂದ್ರು. "ಆತೇನಕ್ಕ ಹಿಟ್ಟು?"

"ಇನ್ನೂ ಹಾಕಿಲ್ಲ. ತಮ್ಮಾ, ಅವ್ವನ ರೊಟ್ಟಿ ನೆನಪದನ ನಿನಗ?"

"ಏನ್ ಹಿಂಗ ಕೇಳ್ತಿ! ಅದರಾಗ ನೀ ಆಷಾಢಕ್ಕ ಬಂದಾಗ ಬಡೀತಿದ್ಲಲ್ಲ, ಹಂಗ ರೊಟ್ಟಿ ಜಲ್ಮದಾಗ ತಿಂದಿಲ್ಲ. ಬೀಸಿದ ಕೈ ನಿಂದು ಅಂತ ನಾ ನನ್ನ ಹೆಂಡ್ತಿಗೆ ಇವತ್ತಿಗೂ ಹೇಳ್ತೀನಿ. ಆಕಿ ಸಿಟ್ಟಾಗ್ತಾಳ."

"ನನ್ನ ಕೈ ಅಲ್ಲ. ಇವರಪ್ಪನ ಗಿರಣಿ. ದಿನ್ನಿ ಗಿರಣಿ."

"ಚಾಷ್ಟಿ ಮಾಡಬ್ಯಾಡಕ್ಕ."

"ನಿನ್ನಾಣಿ."

"ನೀ ಹಾಡತಿದ್ದಿ! ನಾ ಬಾಗಲ ಹಿಂದ ಕೇಳೀನಿ."

"ಹಾಡು ಖರೆ. ಬೀಸೂದು ಸುಳ್ಳು. ಕಲ್ಲಿನ್ಯಾಗ ಒಂದ ಹಿಡಿ ಕಾಳು ಇರ್ತಿತ್ತು, ಸಪ್ಪಳಕ್ಕ. ಕೊಡಾ ಹೊತ್ತುಕೊಂಡು ದಿನ್ನಿಗೆ ಹೋಗಿ ಬೀಸಿಸಿಕೊಂಡು ಬರ್ತಿದ್ದೆ. ಕೊಡದಾಗ ನೀರಿಲ್ಲದ ಬಂದಾಳ ಅಂತ ನೀನ ಒಮ್ಮೆ ಅವ್ವಗ ಚಾಡಿ ಹೇಳಿದ್ದಿ, ಮರತೇನು?"

ಸಾಹುಕಾರ್ರು ಹೆಲ್ಮೆಟ್ ತಗದು ಕೈಯಾಗ ಹಿಡಕೊಂಡ್ರು. ತಲಿ ತುಂಬ ಬೆವರು. "ಹೌದಲ್ಲ," ಅಂದ್ರು. "ಮಣ್ಣಿನ ಕೊಡಾ. ನೀ ನನ್ನ ಕಿವಿ ಹಿಂಡಿದ್ದಿ." ಹೊರಗ ನಿಂತ ಮರಾಠಿ ಬಾಯಿ, "ಕಾಕಾ, ಲೈಟ್ ಗೇಲೀ ಕಾ?" ಅಂದ್ಲು, ಕರೆಂಟ್ ಹೋತೇನು ಅಂತ. "ನಾಹೀ ತಾಈ, ಪಾಚ್ ಮಿನಿಟ್," ಅಂದೆ.

"ಅವ್ವಗ ಮೋಸಾ ಮಾಡಿದ್ರಿ ಅನ್ನು, ನೀನೂ ಇವರಪ್ಪನೂ ಕೂಡಿ," ಅಂದ್ರು ಸಾಹುಕಾರ್ರು ಕಡೀಕೆ. ದನ್ಯಾಗ ಬಿರುಸು ಇರಲಿಲ್ಲ.

"ಮೋಸದ ರೊಟ್ಟಿ ಎರಡು ಹೆಚ್ಚಿಗಿ ತಿಂತಿದ್ದಿ ನೀ."

"ದೆವ್ವದ ಹಿಟ್ಟಂತಿದ್ರು."

"ನೋಡಿಕೋ ಮೈ, ಎಷ್ಟು ದೆವ್ವ ಹೊಕ್ಕಾವ ಅಂತ." ಅಜ್ಜಿ ತಮ್ಮನ ಹೊಟ್ಟಿಗೆ ಬೆರಳಲೆ ತಿವಿದ್ರು. ಅಪ್ಪನಿಗೂ ನಗಿ ಬಂತು, ತಪ್ಪಿಸಿಕೊಳ್ಳಾಕ ಹಿಟ್ಟಿನ ಹಲಗಿ ಕಡೆ ಬಗ್ಗಿದ.

ಸಾಹುಕಾರ್ರು ಗ್ವಾಡಿಗೆ ಹೆಲ್ಮೆಟ್ ಸಿಗಿಸಿದ್ರು. ಅಪ್ಪನ ಎದುರು ಗೋದಿ ಚೀಲದ ಮ್ಯಾಲ ಕುಂತ್ರು. ತಪ್ಪಾತು ಅನ್ನಲಿಲ್ಲ, ಅದು ಅವರ ಬಾಯಾಗ ಬರೂ ಮಾತಲ್ಲ. ಕುಂತು ಕೇಳಿದ್ರು, "ಅಲ್ಲೋ ಬಡಿಗ್ಯಾ, ಗಾಳಿ ದಿಕ್ಕು ಬದಲಾದ್ರ ಏನ್ ಮಾಡ್ತಿದ್ದ ನಿಮ್ಮಪ್ಪ? ರೆಕ್ಕಿ ಹೊಳ್ಳಸ್ತಿದ್ನೋ, ಮತ್ತ ಕಂಬನ ಹೊಳ್ಳಸ್ತಿದ್ನೋ?"

ನಮ್ಮೂರ ಮನುಷ್ಯಾ ಒಬ್ಬ ದಿನ್ನಿ ಗಿರಣಿ ಬಗ್ಗೆ ನಗಲಾರದ ಕೇಳಿದ್ದು ಅದ ಮೊದಲು. ಅಪ್ಪ ಒಂದು ಗಳಿಗಿ ಅವರ ಮುಖ ನೋಡಿದ, ಚಾಷ್ಟಿ ಅದ ಏನು ಅಂತ. ಇರಲಿಲ್ಲ. ಹಲಗಿ ಮ್ಯಾಲ ಬಿದ್ದ ಹಿಟ್ಟನ್ನ ಅಂಗೈಲೆ ಸಪಾಟ ಮಾಡಿ, ಬೆರಳಲೆ ನಾಕು ಕಂಬ ಬರದ. "ಕಂಬ ಹೊಳ್ಳಸಾಕ ಆಗಂಗಿಲ್ರೀ ಸಾಹುಕಾರ್ರ. ಇಲ್ಲಿ ನೋಡ್ರಿ, ಅಚ್ಚಿನ ಬುಡಕ ಒಂದು ಗಾಲಿ ಇತ್ತು, ಅಡ್ಡ ಮಲಗಿಸಿದ್ದು..."

"ಗಾಲಿ ಮ್ಯಾಲ ಗಾಲಿ? ಯಾವ ಕಟ್ಟಿಗಿ?"

"ಜಾಲಿ. ಬ್ಯಾರೆ ಹಾಕಿದ್ರ ಹಲ್ಲು ಉದರ್ತಾವ."

"ಎಣ್ಣಿ ಏನ್ ಹಾಕ್ತಿದ್ದ? ಹರಳೆಣ್ಣಿನ?"

ಅಜ್ಜಿ ಚೀಲದ ಮ್ಯಾಲಿಂದ ಎದ್ದು, ಅದನ್ನ ನನ್ನ ಕಡೆ ನೂಕಿದ್ರು. "ಇವರು ಮುಗಸಂಗಿಲ್ಲಪಾ. ನಂದು ಹಾಕು. ಸಾವಕಾಶ ತಿರುಗಿಸು, ಬಿಸಿ ಆಗಬಾರದು."

ನಾ ಜ್ವಾಳ ಸುರುವಿ ಮೋಟರ್ ಹಚ್ಚಿದೆ. ಕಲ್ಲು ಗುಂಯ್ ಅಂತು. ಸಪ್ಪಳ ಹೆಚ್ಚಾದಂಗ ಇಬ್ಬರೂ ಮುದುಕರು ದನಿ ಎತ್ತಿ ಒದರಾಕ ಶುರು ಮಾಡಿದ್ರು, ಒಬ್ಬರು ಕೇಳೂದು, ಒಬ್ಬರು ಹೇಳೂದು, ಹಲಗಿ ಮ್ಯಾಲ ಬರದ ಕಂಬಕ್ಕ ಸಾಹುಕಾರ್ರೂ ಈಗ ತಮ್ಮ ಬೆರಳಲೆ ಒಂದು ರೆಕ್ಕಿ ಸೇರಸಾಕತ್ತಿದ್ರು.